ವಂಶಪಾರಂಪರ್ಯ ಅಧಿಕ ಕೊಲೆಸ್ಟ್ರಾಲ್ ಇರುವ ಗರ್ಭಿಣಿ: ಮಾಸಿನಲ್ಲಿ ನಿಜಕ್ಕೂ ಏನಾಗುತ್ತದೆ?

ಪ್ರಶ್ನೆಪೆಟ್ಟಿಗೆ

ಫ್ಯಾಮಿಲಿಯಲ್ ಹೈಪರ್‌ಕೊಲೆಸ್ಟರಾಲೀಮಿಯಾ, ಅಂದರೆ ಎಫ್‌ಎಚ್ ಇರುವ ಹೆಣ್ಣುಮಕ್ಕಳು ಗರ್ಭಿಣಿಯಾದಾಗ ಹೃದಯದ ಬಗ್ಗೆ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳ ಬಗ್ಗೆ ಬೇಕಾದಷ್ಟು ಚರ್ಚೆ ಆಗುತ್ತದೆ. ಮಾಸಿನ, ಅಂದರೆ ಪ್ಲಾಸೆಂಟಾದ ವಿಷಯಕ್ಕೆ ಬಂದರೆ ಎರಡು ತದ್ವಿರುದ್ಧ ಮಾತು ಓಡಾಡುತ್ತಿವೆ. "ತಾಯಿಯ ಕೊಲೆಸ್ಟ್ರಾಲ್ ಮಗುವಿಗೆ ದಾಟುವುದೇ ಇಲ್ಲ, ಚಿಂತೆ ಬೇಡ" ಅನ್ನುವುದು ಒಂದು. "ಮಾಸಿನ ರಕ್ತನಾಳಗಳಲ್ಲಿ ಕೊಬ್ಬು ಕಟ್ಟಿ ಮಗುವಿಗೆ ರಕ್ತವೇ ಹೋಗುವುದಿಲ್ಲ" ಅನ್ನುವುದು ಇನ್ನೊಂದು. ಎರಡೂ ಪೂರ್ತಿ ಸರಿ ಇರಲಾರವು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹೆಟೆರೋಜೈಗಸ್ ಎಫ್‌ಎಚ್, ಅಂದರೆ ಜೀನಿನ ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ ದೋಷ. ಔಷಧಿ ಇಲ್ಲದೆ ಎಲ್‌ಡಿಎಲ್, ಅಂದರೆ 'ಕೆಟ್ಟ' ಕೊಲೆಸ್ಟ್ರಾಲ್, ಡೆಸಿಲೀಟರಿಗೆ 240 ಮಿ.ಗ್ರಾಂ. ಬಿಪಿ, ಸಕ್ಕರೆ, ಥೈರಾಯ್ಡ್ ಎಲ್ಲ ಸರಿ ಇದೆ. ಇಂಥ ತಾಯಿಯ ಮಾಸಿನಲ್ಲಿ ಏನು ಬದಲಾಗುತ್ತದೆ, ಯಾವುದನ್ನು ಅಳೆದು ನೋಡಬಹುದು, ಏನು ಮಾಡಬಹುದು?

ಲಿಪಿಡ್‌ಲೆಕ್ಕ

ಮೊದಲು ಅಂಕಿಗಳನ್ನು ಸರಿಯಾಗಿ ಇಟ್ಟುಕೊಳ್ಳೋಣ, ಅರ್ಧ ಗೊಂದಲ ಅಲ್ಲೇ ಹುಟ್ಟುತ್ತದೆ.

ಯಾವ ಗರ್ಭಿಣಿಗಾದರೂ ಕೊಲೆಸ್ಟ್ರಾಲ್ ಏರುತ್ತದೆ. ಮೊದಲ ಕೆಲವು ವಾರ ಸ್ವಲ್ಪ ಇಳಿದು, ಆಮೇಲೆ ಏರುತ್ತಾ ಹೋಗಿ, ಕೊನೆಯ ತಿಂಗಳುಗಳಲ್ಲಿ ಒಟ್ಟು ಕೊಲೆಸ್ಟ್ರಾಲ್ ಶೇ. 25ರಿಂದ 50ರಷ್ಟು ಹೆಚ್ಚಾಗಿರುತ್ತದೆ. ಟ್ರೈಗ್ಲಿಸರೈಡ್ ಎರಡರಿಂದ ನಾಲ್ಕು ಪಟ್ಟು. ಎಫ್‌ಎಚ್ ಇರುವವರಲ್ಲೂ ಏರಿಕೆಯ ಪ್ರಮಾಣ ಹೆಚ್ಚುಕಡಿಮೆ ಇಷ್ಟೇ. ಆದರೆ ಮೊದಲೇ ಮೇಲಿರುವುದರಿಂದ ಹೋಗಿ ನಿಲ್ಲುವ ಜಾಗ ಬೇರೆ. ನಿಮ್ಮ ಉದಾಹರಣೆಯ 240 ಹೆರಿಗೆಯ ಹೊತ್ತಿಗೆ 310ರಿಂದ 360ಕ್ಕೆ ಹೋಗಬಹುದು. ಸ್ಟ್ಯಾಟಿನ್ ಮೇಲೆ ಇದ್ದಾಗ 130 ಇತ್ತು, ಈಗ 340 ಆಯಿತು ಅಂತ ಗಾಬರಿಯಾಗುವವರು ಔಷಧಿ ನಿಂತಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನೊಂದು ವಿಷಯ. ಬಹಳಷ್ಟು ಲ್ಯಾಬ್‌ಗಳು ಎಲ್‌ಡಿಎಲ್ ಅನ್ನು ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯುವುದು. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ಕೆಡುತ್ತದೆ, ಗರ್ಭದ ಕೊನೆಯಲ್ಲಿ ಅದು ಏರಿಯೇ ಇರುತ್ತದೆ. ಅದಕ್ಕೇ ಏಳನೇ ತಿಂಗಳ ನಂತರ ನೇರವಾಗಿ ಅಳೆದ ಎಲ್‌ಡಿಎಲ್ ಕೇಳಿ. ಗರ್ಭಿಣಿಯಾಗಿದ್ದಾಗ ಮೊದಲ ಬಾರಿ ಕಂಡ ಅಧಿಕ ಕೊಲೆಸ್ಟ್ರಾಲಿಗೆ ಎಫ್‌ಎಚ್ ಅಂತ ಹಣೆಪಟ್ಟಿ ಹಚ್ಚಬೇಡಿ. ಹೆರಿಗೆಯಾಗಿ 6ರಿಂದ 12 ವಾರದ ಮೇಲೆ, ಥೈರಾಯ್ಡ್ ಪರೀಕ್ಷೆ ಟಿಎಸ್‌ಎಚ್ ಜೊತೆಗೆ ಮತ್ತೆ ನೋಡಿ. ಆಗಲೂ 190 ಮೀರಿದ್ದು, ಕುಟುಂಬದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಇದ್ದರೆ, ಇಲ್ಲವೇ ಹಿಮ್ಮಡಿಯ ಸ್ನಾಯುರಜ್ಜು ದಪ್ಪಗಾಗಿದ್ದರೆ, ಮುಂದಿನ ತಪಾಸಣೆ ಬೇಕು.

ಗಾಜುಪಟ್ಟಿ

ಈ ಚರ್ಚೆಯಲ್ಲಿ ಯಾವಾಗಲೂ ಬಿಟ್ಟುಹೋಗುವ ಸಂಗತಿಯೊಂದಿದೆ. ಮಾಸು ತಾಯಿಯ ಅಂಗವಲ್ಲ, ಮಗುವಿನದು. ಮಾಸಿನ ಕೂದಲೆಳೆಯಂಥ ಕವಲುಗಳನ್ನು ಹೊದ್ದಿರುವ ಟ್ರೋಫೋಬ್ಲಾಸ್ಟ್ ಪದರದಲ್ಲಿರುವುದು ಮಗುವಿನ ಜೀನ್. ತಾಯಿಯ ಪಾಲು ಇರುವುದು ಗರ್ಭಕೋಶದ ಗೋಡೆಯಲ್ಲಿ, ಅಲ್ಲಿಂದ ಮಾಸಿಗೆ ರಕ್ತ ಸುರಿಯುವ ಸುರುಳಿ ಅಪಧಮನಿಗಳಲ್ಲಿ.

ಇದರಿಂದ ಏನಾಯಿತು ನೋಡಿ. ತಾಯಿಗೆ ಎಫ್‌ಎಚ್ ಇದ್ದು ಮಗುವಿಗೆ ಬಂದಿಲ್ಲದಿದ್ದರೆ, ಆ ಮಾಸಿನಲ್ಲಿ ಎಲ್‌ಡಿಎಲ್ ಗ್ರಾಹಕಗಳು, ಅಂದರೆ ರಕ್ತದಿಂದ ಎಲ್‌ಡಿಎಲ್ ಹಿಡಿದೆಳೆಯುವ, ಎಫ್‌ಎಚ್‌ನಲ್ಲಿ ಸಾಮಾನ್ಯವಾಗಿ ಕೆಟ್ಟಿರುವ ಪ್ರೋಟೀನ್‌ಗಳು, ಪೂರ್ತಿ ಇವೆ. ಅವು 300ಕ್ಕೂ ಮೀರಿದ ಎಲ್‌ಡಿಎಲ್ ಇರುವ ರಕ್ತದಲ್ಲಿ ಮುಳುಗಿ ಕೂತಿವೆ. ಮಗುವಿಗೂ ಬಂದಿದ್ದರೆ ಮಾಸಿನಲ್ಲಿ ಕೆಲಸ ಮಾಡುವ ಗ್ರಾಹಕ ಸುಮಾರು ಅರ್ಧ. ತಂದೆಗೆ ಎಫ್‌ಎಚ್ ಇದ್ದು ತಾಯಿಗೆ ಇಲ್ಲದ ಕಡೆ, ತಾಯಿಯ ರಕ್ತ ಸಹಜವಾಗಿದ್ದರೂ ಮಾಸಿನ ಗ್ರಾಹಕ ಅರ್ಧ ಇರಬಹುದು. "ಎಫ್‌ಎಚ್ ತಾಯಿಯ ಮಾಸು" ಅಂತ ಒಂದೇ ಗುಂಪು ಮಾಡಿದರೆ ಈ ಎಲ್ಲ ಭೇದ ಅಳಿಸಿಹೋಗುತ್ತದೆ. ಪ್ರಕಟವಾದ ಅಧ್ಯಯನಗಳನ್ನು ಓದುವಾಗ ಮಗುವಿನ ಜೀನ್ ಪರೀಕ್ಷೆ ಮಾಡಿದ್ದಾರೋ ಇಲ್ಲವೋ ಅಂತ ಮೊದಲು ಹುಡುಕಿ.

ಪ್ರಶ್ನೆಪೆಟ್ಟಿಗೆ

ಹಾಗಾದರೆ ಮಾಸು ಎಲ್‌ಡಿಎಲ್ ಅನ್ನು ಎಷ್ಟು ಬೇಕಾದರೂ ಹೀರಿಕೊಂಡು ಮಗುವಿಗೆ ದಾಟಿಸಿಬಿಡುತ್ತದೆಯೇ?

ಗಾಜುಪಟ್ಟಿ

ಇಲ್ಲ. ಎಲ್‌ಡಿಎಲ್ ಕಣ ಇಡಿಯಾಗಿ ದಾಟುವುದಿಲ್ಲ. ಗ್ರಾಹಕ ಅದನ್ನು ಕೋಶದೊಳಕ್ಕೆ ಎಳೆದುಕೊಳ್ಳುತ್ತದೆ, ಲೈಸೋಸೋಮಿನಲ್ಲಿ ಅದು ಒಡೆಯುತ್ತದೆ, ಕೊಲೆಸ್ಟ್ರಾಲ್ ಬಿಡಿಯಾಗುತ್ತದೆ. ಎಚ್‌ಡಿಎಲ್‌ನ ಕೊಲೆಸ್ಟ್ರಾಲ್ ಎಸ್‌ಆರ್-ಬಿ1 ಎಂಬ ಬೇರೆ ಗ್ರಾಹಕದ ಮೂಲಕ ಬರುತ್ತದೆ. ಬಂದ ಕೊಲೆಸ್ಟ್ರಾಲಿಗೆ ಮೂರು ದಾರಿ: ಕೋಶದ ಪೊರೆ ಕಟ್ಟುವುದು, ಪ್ರೊಜೆಸ್ಟರಾನ್ ತಯಾರಿಸುವುದು, ಇಲ್ಲವೇ ಎಬಿಸಿಎ1, ಎಬಿಸಿಜಿ1 ಎಂಬ ಪಂಪುಗಳ ಮೂಲಕ ಹೊರಬಿದ್ದು ಮಗುವಿನ ಎಚ್‌ಡಿಎಲ್ ಸೇರುವುದು.

ಕೋಶದಲ್ಲಿ ಕೊಲೆಸ್ಟ್ರಾಲ್ ತುಂಬಿದರೆ ಹೊಸ ಎಲ್‌ಡಿಎಲ್ ಗ್ರಾಹಕ ತಯಾರಾಗುವುದು ಕಡಿಮೆಯಾಗುತ್ತದೆ. ಈ ನಿಯಂತ್ರಣವನ್ನು ಬಿಡಿಸಿ ತೋರಿಸಿದ ಗೋಲ್ಡ್‌ಸ್ಟೈನ್ ಮತ್ತು ಬ್ರೌನ್ ಅವರಿಗೆ 1985ರಲ್ಲಿ ನೊಬೆಲ್ ಬಂತು, ಅವರು ಹೊರಟಿದ್ದೇ ಎಫ್‌ಎಚ್ ರೋಗಿಗಳ ಚರ್ಮದ ಕೋಶಗಳಿಂದ. ಮಾಸಿನಲ್ಲೂ ಇದೇ ಕಾಣುತ್ತದೆ. ತಾಯಿಯ ಕೊಲೆಸ್ಟ್ರಾಲ್ ಜಾಸ್ತಿ ಇದ್ದ ಮಾಸುಗಳಲ್ಲಿ ಎಲ್‌ಡಿಎಲ್ ಗ್ರಾಹಕ ಪ್ರೋಟೀನ್ ಕಡಿಮೆ ಇದ್ದುದನ್ನು ಕೆನಡಾದ ಸಂಶೋಧಕರು 2007ರಲ್ಲಿ ವರದಿ ಮಾಡಿದರು. ಅದು ಎಫ್‌ಎಚ್ ಗುಂಪಲ್ಲ, ಸಾಮಾನ್ಯ ಗರ್ಭಿಣಿಯರು.

ಹಾಗಾಗಿ ತಾಯಿಯ ಎಲ್‌ಡಿಎಲ್ 340 ಇದ್ದರೂ ಸಹಜ ಜೀನಿನ ಮಗುವಿನ ಹೊಕ್ಕುಳಬಳ್ಳಿ ರಕ್ತದಲ್ಲಿ ಎಲ್‌ಡಿಎಲ್ 30ರ ಆಸುಪಾಸಿನಲ್ಲೇ ಇರಬಹುದು. ಆದರೆ ಏನೂ ದಾಟುವುದಿಲ್ಲ ಅನ್ನುವುದೂ ತಪ್ಪು. ಸ್ಮಿತ್-ಲೆಮ್ಲಿ-ಒಪಿಟ್ಜ್ ಕಾಯಿಲೆಯಲ್ಲಿ ಮಗುವಿಗೆ ಸ್ವಂತ ಕೊಲೆಸ್ಟ್ರಾಲ್ ತಯಾರಿಕೆಯ ಕೊನೆಯ ಹಂತ ಕೆಟ್ಟಿರುತ್ತದೆ. ಆ ಕಿಣ್ವ ಒಂದಿಷ್ಟೂ ಕೆಲಸ ಮಾಡದ ಮಕ್ಕಳೂ ಕೆಲವರು ಜೀವಂತ ಹುಟ್ಟುತ್ತಾರೆ, ಅವರ ದೇಹದಲ್ಲಿ ಕೊಲೆಸ್ಟ್ರಾಲ್ ಇರುತ್ತದೆ. ಅದು ತಾಯಿಯಿಂದ ಬಂದದ್ದು.

ಕರುಳಬಳ್ಳಿ

ಪ್ರೊಜೆಸ್ಟರಾನ್ ಬಗ್ಗೆ ಒಂದು ಮಾತು, ಈ ಭಯವನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ. ಮಾಸು ತುಂಬು ತಿಂಗಳಲ್ಲಿ ದಿನಕ್ಕೆ ಸುಮಾರು 250 ಮಿ.ಗ್ರಾಂ ಪ್ರೊಜೆಸ್ಟರಾನ್ ತಯಾರಿಸುತ್ತದೆ, ಅದಕ್ಕೆ ಮುಖ್ಯ ಕಚ್ಚಾವಸ್ತು ತಾಯಿಯ ಎಲ್‌ಡಿಎಲ್. "ಗ್ರಾಹಕ ಅರ್ಧ ಇದ್ದರೆ ಪ್ರೊಜೆಸ್ಟರಾನ್ ಕೊರತೆಯಾಗಿ ಗರ್ಭ ನಿಲ್ಲುವುದಿಲ್ಲ" ಅನ್ನುವ ತರ್ಕಕ್ಕೆ ಆಧಾರವಿಲ್ಲ. ರಕ್ತದಲ್ಲಿ ಎಲ್‌ಡಿಎಲ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇರುವ ಹೈಪೋಬೀಟಾಲಿಪೋಪ್ರೋಟೀನೀಮಿಯಾದಲ್ಲಿ ಪ್ರೊಜೆಸ್ಟರಾನ್ ಕಡಿಮೆ ಇದ್ದರೂ ಗರ್ಭ ಪೂರ್ಣಾವಧಿಗೆ ಹೋದ ವರದಿಗಳಿವೆ. ಎಫ್‌ಎಚ್ ಇದೆ ಅನ್ನುವ ಒಂದೇ ಕಾರಣಕ್ಕೆ ಪ್ರೊಜೆಸ್ಟರಾನ್ ಮಾತ್ರೆ, ಚುಚ್ಚುಮದ್ದು ಬರೆಯುವುದಕ್ಕೆ ಅರ್ಥವಿಲ್ಲ.

ಲಿಪಿಡ್‌ಲೆಕ್ಕ

ಸರಿ. ಹಾಗಾದರೆ ತೊಂದರೆ ಎಲ್ಲಿ? ನನ್ನ ಪ್ರಕಾರ ಕೊಲೆಸ್ಟ್ರಾಲ್ ಎಷ್ಟು ದಾಟಿತು ಅನ್ನುವುದಕ್ಕಿಂತ ರಕ್ತನಾಳಗಳ ನಡವಳಿಕೆಯೇ ಮುಖ್ಯ. ಅದಕ್ಕೆ ಎರಡು ಬದಿ.

ಮಗುವಿನ ಬದಿ ಮೊದಲು. ಮಾಸಿನೊಳಗಿನ ರಕ್ತನಾಳಗಳಿಗೆ ನರಗಳ ಸಂಪರ್ಕವೇ ಇಲ್ಲ. ಅವು ಹಿಗ್ಗಬೇಕೋ ಕುಗ್ಗಬೇಕೋ ಅನ್ನುವುದನ್ನು ನೈಟ್ರಿಕ್ ಆಕ್ಸೈಡ್‌ನಂಥ ಸ್ಥಳೀಯ ರಾಸಾಯನಿಕಗಳೇ ತೀರ್ಮಾನಿಸಬೇಕು. ಅದು ಕಮ್ಮಿಯಾದರೆ ನಾಳವನ್ನು ಸಡಿಲಿಸಲು ಬೇರೆ ದಾರಿಗಳು ಬಹಳ ಇಲ್ಲ. ಚಿಲಿ ದೇಶದ ಆಂಡ್ರಿಯಾ ಲೈವಾ ಮತ್ತು ಸಂಗಡಿಗರು ಹೆರಿಗೆಯ ಹೊತ್ತಿಗೆ ಒಟ್ಟು ಕೊಲೆಸ್ಟ್ರಾಲ್ 280 ಮೀರಿದ ತಾಯಂದಿರ ಹೊಕ್ಕುಳಬಳ್ಳಿಯ ಅಭಿಧಮನಿಯನ್ನು ಪರೀಕ್ಷಿಸಿದಾಗ ಅದು ಸರಿಯಾಗಿ ಹಿಗ್ಗುತ್ತಿರಲಿಲ್ಲ. ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವದ ಚಟುವಟಿಕೆ ತಗ್ಗಿತ್ತು, ಅದಕ್ಕೆ ಬೇಕಾದ ಆರ್ಜಿನೈನನ್ನು ಆರ್ಜಿನೇಸ್ ಎಂಬ ಇನ್ನೊಂದು ಕಿಣ್ವ ಕಸಿಯುತ್ತಿತ್ತು. ಮಾಸಿನ ಸಣ್ಣ ನಾಳಗಳಲ್ಲೂ ಇಂಥದ್ದೇ ದೋಷವನ್ನು 2018ರಲ್ಲಿ ಚಿಲಿಯಿಂದಲೇ ವರದಿ ಮಾಡಿದರು.

ಇನ್ನು ತಾಯಿಯ ಬದಿ. ಗರ್ಭದ ಮೊದಲಾರ್ಧದಲ್ಲಿ ಟ್ರೋಫೋಬ್ಲಾಸ್ಟ್ ಕೋಶಗಳು ಸುರುಳಿ ಅಪಧಮನಿಗಳ ಒಳಗೆ ನುಗ್ಗಿ, ಅವುಗಳ ಸ್ನಾಯುಪದರವನ್ನು ಕರಗಿಸಿ, ಬಿಗಿ ಕೊಳವೆಯನ್ನು ಅಗಲ ಬಾಯಿಯ ಕಾಲುವೆ ಮಾಡಬೇಕು. ಆಕ್ಸಿಡೀಕರಣಗೊಂಡ ಎಲ್‌ಡಿಎಲ್ ಇದ್ದಾಗ ಈ ಕೋಶಗಳ ನುಗ್ಗುವ ಶಕ್ತಿ ಕುಂದುವುದನ್ನು ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಎಫ್‌ಎಚ್ ತಾಯಂದಿರಲ್ಲೇ ನೇರವಾಗಿ ಅಳೆದದ್ದು ನಾರ್ವೆಯಲ್ಲಿ. ಗರ್ಭಕೋಶದ ಅಪಧಮನಿಯ ಡಾಪ್ಲರ್ ಪಲ್ಸಟಿಲಿಟಿ ಸೂಚ್ಯಂಕ, ಅಂದರೆ ಪಿಐ (ರಕ್ತಹರಿವಿಗೆ ಇರುವ ತಡೆಯ ಅಳತೆ), 24ರಿಂದ 36ನೇ ವಾರದ ನಡುವೆ ಸಹಜವಾಗಿ ಇಳಿಯಬೇಕು. ಎಫ್‌ಎಚ್ ಗುಂಪಿನಲ್ಲಿ ಇಳಿಯಬೇಕಾದಷ್ಟು ಇಳಿಯಲಿಲ್ಲ ಎಂದು 2009ರಲ್ಲಿ ಪ್ರಕಟಿಸಿದರು. ಸಣ್ಣ ಗುಂಪಿನ ಅಧ್ಯಯನ, ಆದರೂ ಈ ಚರ್ಚೆಗೆ ಇದಕ್ಕಿಂತ ಹತ್ತಿರದ ಪುರಾವೆ ಸಿಗುವುದು ಕಷ್ಟ.

ಕರುಳಬಳ್ಳಿ

ಅದೇ ನಾರ್ವೆಯ ಇನ್ನೊಂದು ಕೆಲಸವನ್ನೂ ಪಕ್ಕದಲ್ಲಿ ಇಡಬೇಕು, ಇಲ್ಲದಿದ್ದರೆ ಓದುವವರು ಹೆದರುತ್ತಾರೆ. ಎಫ್‌ಎಚ್ ಇರುವ ತಾಯಂದಿರ 2 ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ರಾಷ್ಟ್ರೀಯ ಜನನ ನೋಂದಣಿಯೊಂದಿಗೆ ತಾಳೆ ಹಾಕಿ 2011ರಲ್ಲಿ ಪ್ರಕಟಿಸಿದರು. ಅವಧಿಪೂರ್ವ ಹೆರಿಗೆ, ಕಡಿಮೆ ತೂಕ, ಜನ್ಮಜಾತ ನ್ಯೂನತೆ ಯಾವುದೂ ಉಳಿದ ಜನಸಂಖ್ಯೆಗಿಂತ ಹೆಚ್ಚಿರಲಿಲ್ಲ. ನಾಳದ ನಡವಳಿಕೆಯಲ್ಲಿ ಅಳೆಯಬಹುದಾದ ವ್ಯತ್ಯಾಸ ಇದೆ, ಆದರೆ ಹೆಟೆರೋಜೈಗಸ್ ಎಫ್‌ಎಚ್ ಒಂದೇ ಇದ್ದಾಗ ಮಾಸು ಅದನ್ನು ತಾಳಿಕೊಳ್ಳುತ್ತದೆ. ಬಿಪಿ, ಸಕ್ಕರೆ, ಮೂತ್ರಪಿಂಡದ ತೊಂದರೆ, ಬೊಜ್ಜು, ಧೂಮಪಾನ ಇವುಗಳಲ್ಲಿ ಒಂದು ಸೇರಿಕೊಂಡರೆ ತಾಳಿಕೊಳ್ಳುವ ಅವಕಾಶ ಕಿರಿದಾಗುತ್ತದೆ ಅನ್ನುವುದು ನನ್ನ ತಿಳಿವಳಿಕೆ.

ಎದೆಬಡಿತ

ಹೋಮೋಜೈಗಸ್ ಎಫ್‌ಎಚ್‌ಗೆ ಈ ಸಮಾಧಾನ ಅನ್ವಯಿಸುವುದಿಲ್ಲ, ದಯವಿಟ್ಟು ಬೆರೆಸಬೇಡಿ. ಎರಡೂ ಪ್ರತಿ ಕೆಟ್ಟಿದ್ದು, ಚಿಕಿತ್ಸೆ ಇಲ್ಲದೆ ಎಲ್‌ಡಿಎಲ್ 400–500 ಮೀರುವವರು ಇವರು. ಮಾಸಿಗಿಂತ ಮೊದಲು ಮಹಾಪಧಮನಿಯ ಬುಡ, ಅದರ ಕವಾಟ, ಹೃದಯದ ರಕ್ತನಾಳಗಳನ್ನು ನೋಡಬೇಕು, ಅದೂ ಗರ್ಭ ಧರಿಸುವ ಮೊದಲೇ. ಎಕೋ ಕಡ್ಡಾಯ, ಅಗತ್ಯ ಕಂಡರೆ ಹೃದಯದ ನಾಳಗಳ ಸಿಟಿ ಆಂಜಿಯೋ. ಮಹಾಪಧಮನಿ ಕವಾಟ ತೀವ್ರವಾಗಿ ಕಿರಿದಾಗಿ ಲಕ್ಷಣಗಳೂ ಇದ್ದರೆ ಗರ್ಭಧಾರಣೆ ಬೇಡ ಎಂದೇ ಹೇಳಬೇಕಾಗುತ್ತದೆ.

ಇವರಿಗೆ ಗರ್ಭದಲ್ಲಿ ಮುಖ್ಯ ಚಿಕಿತ್ಸೆ ಎಲ್‌ಡಿಎಲ್ ಅಫೆರಿಸಿಸ್, ಅಂದರೆ ಯಂತ್ರದ ಮೂಲಕ ರಕ್ತದಿಂದ ಎಲ್‌ಡಿಎಲ್ ಸೋಸಿ ತೆಗೆಯುವುದು, ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ. ಒಂದು ಸಲಕ್ಕೆ ಎಲ್‌ಡಿಎಲ್ ಶೇ. 60–70ರಷ್ಟು ಇಳಿದು ಮತ್ತೆ ಏರುತ್ತದೆ. ಗಮನ ಇಡಬೇಕಾದದ್ದು: ಮಲಗಿಸುವಾಗ ಎಡಮಗ್ಗುಲು, ಬಿಪಿ ಕುಸಿದರೆ ಮಾಸಿಗೆ ಹೋಗುವ ರಕ್ತವೂ ಕುಸಿಯುತ್ತದೆ. ಗರ್ಭ ಬೆಳೆದ ಮೇಲೆ ಮಗುವಿನ ಹೃದಯಬಡಿತ ನೋಡುತ್ತಾ ಮಾಡಬೇಕು. ಪದೇಪದೇ ಮಾಡುವುದರಿಂದ ಕಬ್ಬಿಣಾಂಶ ಇಳಿಯುತ್ತದೆ, ಫೆರಿಟಿನ್ ನೋಡುತ್ತಿರಿ. ಈ ಸೌಲಭ್ಯ ಇಲ್ಲದ ಕಡೆ ಪ್ಲಾಸ್ಮಾ ವಿನಿಮಯ ಮಾಡುತ್ತಾರೆ. ಅದರಲ್ಲಿ ಎಚ್‌ಡಿಎಲ್, ಆಲ್ಬುಮಿನ್, ಪ್ರತಿಕಾಯಗಳೂ ಹೊರಹೋಗುತ್ತವೆ. ತಾಯಿಯ ಐಜಿಜಿ ಪ್ರತಿಕಾಯ ಮಾಸಿನ ಮೂಲಕ ಮಗುವಿಗೆ ಸಿಗಬೇಕಾದದ್ದು, ಆದ್ದರಿಂದ ಅದು ಎರಡನೇ ಆಯ್ಕೆ ಮಾತ್ರ.

ಪ್ರಶ್ನೆಪೆಟ್ಟಿಗೆ

ಸೋದರಮಾವ, ಸೋದರತ್ತೆ ಮಗ ಅಂತ ಸಂಬಂಧದಲ್ಲೇ ಮದುವೆಯಾದವರ ವಿಷಯ?

ಲಿಪಿಡ್‌ಲೆಕ್ಕ

ಒಳ್ಳೆಯ ಪ್ರಶ್ನೆ, ನಮ್ಮ ಕಡೆ ಕೇಳಲೇಬೇಕಾದದ್ದು. ಹೆಟೆರೋಜೈಗಸ್ ಎಫ್‌ಎಚ್ ಜಗತ್ತಿನಲ್ಲಿ ಸುಮಾರು 250–300 ಜನರಲ್ಲಿ ಒಬ್ಬರಿಗಿದೆ. ಹೊರಗಿನ ಸಂಬಂಧದಲ್ಲಿ ಇಬ್ಬರಿಗೂ ಇರುವ ಸಾಧ್ಯತೆ ಕಡಿಮೆ. ಒಂದೇ ಕುಟುಂಬದೊಳಗೆ ಮದುವೆಯಾದರೆ ಒಂದೇ ದೋಷ ಇಬ್ಬರಲ್ಲೂ ಇರುವ ಸಾಧ್ಯತೆ ಬಹಳ ಏರುತ್ತದೆ. ಇಬ್ಬರಿಗೂ ಇದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಹೋಮೋಜೈಗಸ್ ಆಗುವ ಸಂಭವ ನಾಲ್ಕರಲ್ಲಿ ಒಂದು. ಅಂಥ ಮಗುವಿನ ಮಾಸಿನಲ್ಲೂ ಎಲ್‌ಡಿಎಲ್ ಗ್ರಾಹಕ ಕೆಲಸ ಮಾಡುವುದಿಲ್ಲ ಅಥವಾ ಅತ್ಯಲ್ಪ, ಗಾಜುಪಟ್ಟಿ ಅವರು ಹೇಳಿದ ಕಾರಣಕ್ಕೇ. ಗರ್ಭ ಯೋಜಿಸುವಾಗಲೇ ಗಂಡನಿಗೂ ಒಂದು ಲಿಪಿಡ್ ಪ್ರೊಫೈಲ್ ಮಾಡಿಸಿ. ಖರ್ಚು ಕಡಿಮೆ, ಉತ್ತರ ಮಾತ್ರ ದೊಡ್ಡದು.

ಕರುಳಬಳ್ಳಿ

ಇನ್ನು ನಿಮ್ಮ ಉದಾಹರಣೆಯ ತಾಯಿಗೆ ಏನು ಮಾಡಬಹುದು ಅನ್ನುವುದಕ್ಕೆ ಬರೋಣ.

11ರಿಂದ 13 ವಾರ 6 ದಿನದೊಳಗಿನ ಸ್ಕ್ಯಾನ್‌ನಲ್ಲೇ ಗರ್ಭಕೋಶದ ಎರಡೂ ಬದಿಯ ಅಪಧಮನಿಯ ಪಿಐ ಬರೆಯಿಸಿ, ಸರಾಸರಿ ಬಿಪಿಯನ್ನೂ ಸರಿಯಾಗಿ ಅಳೆಯಿರಿ: ಕುಳಿತು ಐದು ನಿಮಿಷ ಸುಧಾರಿಸಿಕೊಂಡ ಮೇಲೆ, ಎರಡೂ ತೋಳಿನಲ್ಲಿ. ಎಫ್‌ಎಚ್ ತಾನಾಗಿಯೇ ಪ್ರೀಎಕ್ಲಾಂಪ್ಸಿಯಾದ (ಗರ್ಭದಲ್ಲಿ ಬಿಪಿ ಏರಿ ಅಂಗಗಳಿಗೆ ತೊಂದರೆಯಾಗುವ ಕಾಯಿಲೆ) ಅಧಿಕ ಅಪಾಯದ ಪಟ್ಟಿಯಲ್ಲಿಲ್ಲ, ಆದ್ದರಿಂದ ಆಸ್ಪಿರಿನ್ ಎಲ್ಲರಿಗೂ ಅಂತ ಬರೆಯಲಾಗದು. ಪಿಐ ಜಾಸ್ತಿ ಇದ್ದರೆ ಅಥವಾ ಬೇರೆ ಅಪಾಯಗಳು ಸೇರಿದ್ದರೆ ಕಡಿಮೆ ಪ್ರಮಾಣದ ಆಸ್ಪಿರಿನ್ ಶುರು ಮಾಡಲು ಒಳ್ಳೆಯ ಸಮಯ 12ರಿಂದ 16ನೇ ವಾರ, ರಾತ್ರಿ ಮಲಗುವಾಗ, 36ನೇ ವಾರದವರೆಗೆ. 2017ರ ಆಸ್ಪ್ರೆ ಪ್ರಯೋಗದಲ್ಲಿ ಕೊಟ್ಟದ್ದು 150 ಮಿ.ಗ್ರಾಂ. 20ನೇ ವಾರ ಕಳೆದು ಶುರು ಮಾಡಿದರೆ ಸುರುಳಿ ಅಪಧಮನಿಗಳ ರೂಪಾಂತರ ಬಹುತೇಕ ಮುಗಿದಿರುತ್ತದೆ, ಸಿಗುವ ಲಾಭ ಕಡಿಮೆ.

20–24 ವಾರದಲ್ಲಿ ಮತ್ತೆ ಪಿಐ. ಅದು ಆ ವಾರದ 95ನೇ ಪರ್ಸೆಂಟೈಲ್ ಮೇಲಿದ್ದರೆ 28, 32, 36ನೇ ವಾರ ಬೆಳವಣಿಗೆಯ ಸ್ಕ್ಯಾನ್, ಜೊತೆಗೆ ಹೊಕ್ಕುಳಬಳ್ಳಿ ಅಪಧಮನಿಯ ಡಾಪ್ಲರ್. ಬಳ್ಳಿಯ ರಕ್ತಹರಿವು ಹೃದಯಬಡಿತಗಳ ನಡುವೆ ನಿಂತಂತೆ ಕಂಡರೆ ಅದು ತುರ್ತು. ಪ್ರೀಎಕ್ಲಾಂಪ್ಸಿಯಾ ಅನುಮಾನ ಬಂದಾಗ ಮಾಸಿನಿಂದ ತಾಯಿಯ ರಕ್ತಕ್ಕೆ ಬರುವ ಎಸ್‌ಎಫ್‌ಎಲ್‌ಟಿ-1 ಮತ್ತು ಪಿಎಲ್‌ಜಿಎಫ್ ಎಂಬ ಎರಡು ಪ್ರೋಟೀನ್‌ಗಳ ಅನುಪಾತ 38ರ ಒಳಗಿದ್ದರೆ ಮುಂದಿನ ಒಂದು ವಾರದ ಮಟ್ಟಿಗೆ ನಿರಾಳ. ಪ್ರತಿ ತಿಂಗಳು ಕೊಲೆಸ್ಟ್ರಾಲ್ ಅಳೆಯುವುದರಿಂದ ಮಾಸಿನ ಬಗ್ಗೆ ಏನೂ ತಿಳಿಯುವುದಿಲ್ಲ. ಆ ಹಣವನ್ನು ಡಾಪ್ಲರ್‌ಗೆ ಇಡಿ.

ಪ್ರಶ್ನೆಪೆಟ್ಟಿಗೆ

ಸ್ಟ್ಯಾಟಿನ್ ನಿಲ್ಲಿಸುವುದು ಮಾಸಿನ ಕಾರಣಕ್ಕೋ, ಮಗುವಿನ ಕಾರಣಕ್ಕೋ? ಗೊತ್ತಿಲ್ಲದೆ ಐದಾರು ವಾರ ತೆಗೆದುಕೊಂಡುಬಿಟ್ಟಿದ್ದರೆ?

ಲಿಪಿಡ್‌ಲೆಕ್ಕ

ಎರಡೂ. ಮಗುವಿನ ಬೆಳವಣಿಗೆಗೆ ಕೊಲೆಸ್ಟ್ರಾಲ್ ಬೇಕು. ಜೊತೆಗೆ ಮಾಸಿನ ತುಣುಕುಗಳನ್ನು ಸಿಂವಾಸ್ಟ್ಯಾಟಿನ್‌ನಲ್ಲಿ ಇಟ್ಟಾಗ ಟ್ರೋಫೋಬ್ಲಾಸ್ಟ್ ಮುನ್ನುಗ್ಗುವುದು ತಗ್ಗಿದ್ದು ಪ್ರಯೋಗಾಲಯದಲ್ಲಿ ಕಂಡಿದೆ.

ಗೊತ್ತಿಲ್ಲದೆ ತೆಗೆದುಕೊಂಡವರು ಗರ್ಭ ತೆಗೆಸುವ ಯೋಚನೆಗೆ ಹೋಗಬೇಕಿಲ್ಲ, ಇದನ್ನು ಜೋರಾಗಿಯೇ ಹೇಳಬೇಕು. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇಯ್ಡ್‌ನ ದಾಖಲೆಗಳನ್ನು ಆಧರಿಸಿ 2015ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ, ಮೊದಲ ಮೂರು ತಿಂಗಳಲ್ಲಿ ಸ್ಟ್ಯಾಟಿನ್ ಪಡೆದಿದ್ದ 1,152 ಗರ್ಭಗಳಲ್ಲಿ, ಸಕ್ಕರೆ ಕಾಯಿಲೆಯಂಥ ಬೇರೆ ಕಾರಣಗಳನ್ನು ಸರಿದೂಗಿಸಿದ ಮೇಲೆ ಜನ್ಮಜಾತ ನ್ಯೂನತೆ ಗಣನೀಯವಾಗಿ ಹೆಚ್ಚಿರಲಿಲ್ಲ. ಮಾತ್ರೆ ನಿಲ್ಲಿಸಿ, ವೈದ್ಯರಿಗೆ ತಿಳಿಸಿ, ಮಗುವಿನ ಅಂಗಗಳ ನ್ಯೂನತೆ ನೋಡುವ ಅನಾಮಲಿ ಸ್ಕ್ಯಾನ್ ತಪ್ಪಿಸಬೇಡಿ. 2021ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ "ಗರ್ಭಿಣಿಯರಿಗೆ ಸಂಪೂರ್ಣ ನಿಷಿದ್ಧ" ಎಂಬ ಎಚ್ಚರಿಕೆಯನ್ನು ತೆಗೆಸಿತು. ಬಹುತೇಕರು ನಿಲ್ಲಿಸಲಿ, ಹೋಮೋಜೈಗಸ್ ಎಫ್‌ಎಚ್ ಅಥವಾ ಈಗಾಗಲೇ ಹೃದ್ರೋಗ ಇರುವವರ ವಿಷಯವನ್ನು ಒಬ್ಬೊಬ್ಬರಿಗೂ ಬೇರೆಯಾಗಿ ತೂಗಲಿ ಎಂಬುದು ಅದರ ನಿಲುವು.

ಎಷ್ಟು ಮೊದಲು ನಿಲ್ಲಿಸಬೇಕು ಅನ್ನುವುದರಲ್ಲಿ ಮಾರ್ಗಸೂಚಿಗಳೇ ಒಂದಾಗಿಲ್ಲ. ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆ ನೈಸ್ 3 ತಿಂಗಳು ಅನ್ನುತ್ತದೆ, ಬೇರೆ ಕೆಲವು 4 ವಾರ ಸಾಕು ಅನ್ನುತ್ತವೆ. ಗರ್ಭ ನಿಲ್ಲಲು ತಡವಾಗುವ ದಂಪತಿಗಳಿಗೆ ಈ ವ್ಯತ್ಯಾಸ ಸಣ್ಣದಲ್ಲ. ನಾರ್ವೆ ಮತ್ತು ನೆದರ್ಲೆಂಡ್ಸ್‌ನ ಎಫ್‌ಎಚ್ ತಾಯಂದಿರಲ್ಲಿ ಯೋಜನೆ, ಗರ್ಭ, ಹಾಲೂಡಿಕೆ ಎಲ್ಲ ಸೇರಿ ಸ್ಟ್ಯಾಟಿನ್ ಇಲ್ಲದೆ ಕಳೆದ ಕಾಲದ ಮಧ್ಯಮ ಅಂಕಿ ಸುಮಾರು 2.3 ವರ್ಷ.

ಕೊಲೆಸ್ಟ್ರಾಲ್ ಇಳಿಸುವ ಉಳಿದ ಔಷಧಿಗಳಿಗೆ ಬಂದರೆ, ಎಜೆಟಿಮೈಬ್ ನಿಲ್ಲಿಸಿ. ಪಿಸಿಎಸ್‌ಕೆ9 ಪ್ರತಿಕಾಯ ಚುಚ್ಚುಮದ್ದು ಐಜಿಜಿ ಜಾತಿಯದು, ಎರಡನೇ ತ್ರೈಮಾಸಿಕದಿಂದ ಮಾಸು ಅದನ್ನು ಸಕ್ರಿಯವಾಗಿ ದಾಟಿಸುತ್ತದೆ, ಅದೂ ಬೇಡ. ಆರು ತಿಂಗಳಿಗೊಮ್ಮೆ ಕೊಡುವ ಇನ್‌ಕ್ಲಿಸಿರಾನ್ ಇದ್ದರೆ ಬಹಳ ಮುಂಚೆಯೇ ಯೋಜಿಸಬೇಕು. ಲೋಮಿಟಪೈಡ್ ಗರ್ಭದಲ್ಲಿ ನಿಷಿದ್ಧ.

ಕರುಳಬಳ್ಳಿ

ಉಳಿಯುವುದು ಕೊಲೆಸ್ಟಿರಮೈನ್, ಕೊಲೆಸೆವೆಲಾಮ್. ಕರುಳಿನಿಂದ ಹೀರಲ್ಪಡುವುದಿಲ್ಲ, ಮಾಸಿನವರೆಗೆ ಹೋಗುವುದೇ ಇಲ್ಲ. ಆದರೆ ನಿರಪಾಯ ಅಂತ ಕಣ್ಣುಮುಚ್ಚಿ ಕೊಡುವಂಥದ್ದಲ್ಲ. ಕೊಲೆಸ್ಟಿರಮೈನ್ ಪುಡಿ 4 ಗ್ರಾಂ ಪೊಟ್ಟಣದಿಂದ ಶುರು, ನೀರಿನಲ್ಲಿ ಚೆನ್ನಾಗಿ ಕಲಸಿಯೇ ಕುಡಿಯಬೇಕು. ಅದು ಎದುರಿಗೆ ಸಿಕ್ಕ ಔಷಧಿಯನ್ನೆಲ್ಲ ಹಿಡಿದುಕೊಳ್ಳುತ್ತದೆ. ಫೋಲಿಕ್ ಆಮ್ಲ, ಕಬ್ಬಿಣ, ಥೈರಾಕ್ಸಿನ್ ಮಾತ್ರೆಗಳನ್ನು ಅದಕ್ಕಿಂತ 1 ಗಂಟೆ ಮೊದಲು ಇಲ್ಲವೇ 4ರಿಂದ 6 ಗಂಟೆ ನಂತರ ಕೊಡಿ. ಬೆಳಗ್ಗೆ ಎದ್ದ ಕೂಡಲೇ ಥೈರಾಕ್ಸಿನ್, ಮಧ್ಯಾಹ್ನದ ಊಟಕ್ಕೆ ಮೊದಲು ಪುಡಿ, ರಾತ್ರಿ ಮಲಗುವಾಗ ಕಬ್ಬಿಣ ಮತ್ತು ಫೋಲಿಕ್, ಹೀಗೆ ಜೋಡಿಸಿದರೆ ಸುಲಭ.

ವಿಟಮಿನ್ ಕೆ ಕೊರತೆಯ ಮೇಲೆ ಕಣ್ಣಿಡಿ. ಪಿತ್ತ ಕಟ್ಟುವ ತೊಂದರೆಗೆ ಈ ಔಷಧಿ ಪಡೆಯುತ್ತಿದ್ದ ಗರ್ಭಿಣಿಯ ಶಿಶುವಿಗೆ ಮೆದುಳಿನಲ್ಲಿ ತೀವ್ರ ರಕ್ತಸ್ರಾವವಾದ ವರದಿಯಿದೆ. ಆ ಕಾಯಿಲೆಯೇ ವಿಟಮಿನ್ ಕೆ ಇಳಿಸುತ್ತದೆ ನಿಜ, ಆದರೂ ದಿನಗಟ್ಟಲೆ ಕೊಡುವಾಗ ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆ ಪಿಟಿ-ಐಎನ್‌ಆರ್ ನೋಡುವುದು ಕ್ಷೇಮ. ಟ್ರೈಗ್ಲಿಸರೈಡ್ 300 ದಾಟಿದರೆ ಮರುಯೋಚನೆ, 500 ದಾಟಿದರೆ ನಿಲ್ಲಿಸಿ, ಈ ಔಷಧಿಗಳು ಅದನ್ನು ಇನ್ನೂ ಏರಿಸುತ್ತವೆ. ಮಲಬದ್ಧತೆ ಗರ್ಭಿಣಿಗೆ ಮೊದಲೇ ಇರುತ್ತದೆ, ಅದೇ ಕಾರಣಕ್ಕೆ ಬಹಳ ಜನ ಅರ್ಧಕ್ಕೆ ಬಿಡುತ್ತಾರೆ.

ತಟ್ಟೆತೂಕ

ಊಟದ ಬಗ್ಗೆ. ಜೀನ್ ದೋಷವನ್ನು ಊಟ ಸರಿಪಡಿಸುವುದಿಲ್ಲ, ಆದರೆ ಸ್ಟ್ಯಾಟಿನ್ ಇಲ್ಲದ ಈ ಒಂದೆರಡು ವರ್ಷ ಕೈಯಲ್ಲಿರುವುದರಲ್ಲಿ ಅದು ಮುಖ್ಯ. ಸ್ಯಾಚುರೇಟೆಡ್ ಕೊಬ್ಬು ಒಟ್ಟು ಶಕ್ತಿಯ ಶೇ. 7ರೊಳಗೆ ಇರಲಿ ಅಂದರೆ 2,000 ಕ್ಯಾಲೊರಿಗೆ ಸುಮಾರು 15 ಗ್ರಾಂ. ಒಂದು ದೊಡ್ಡ ಚಮಚ ತುಪ್ಪದಲ್ಲೇ 8 ಗ್ರಾಂ ಹೋಯಿತು. 25 ಗ್ರಾಂ ಒಣಕೊಬ್ಬರಿಯಲ್ಲಿ 14 ಗ್ರಾಂ. ಗರ್ಭಿಣಿಗೆ ಅಂತ ಮನೆಯವರು ಪ್ರೀತಿಯಿಂದ ಕೊಡುವ ಕೊಬ್ಬರಿ-ಬೆಲ್ಲ, ಬಿಸಿ ಅನ್ನದ ಮೇಲಿನ ತುಪ್ಪ ಇವೆರಡರಲ್ಲೇ ದಿನದ ಲೆಕ್ಕ ಮುಗಿದು ಮೇಲೆ ಉಳಿಯುತ್ತದೆ.

ಹಾಗಂತ ಕೊಬ್ಬನ್ನೇ ನಿಲ್ಲಿಸಬೇಡಿ, ಮಗುವಿನ ಮೆದುಳಿಗೆ ಬೇಕು. ಒಗ್ಗರಣೆಗೆ ಕಡಲೆಕಾಯಿ ಎಣ್ಣೆ, ಚಟ್ನಿಗೆ ತೆಂಗಿನ ಬದಲು ಕಡಲೆಬೀಜ, ಹುಚ್ಚೆಳ್ಳು ಅಥವಾ ಅಗಸೆ. ತಿನ್ನುವವರಿಗೆ ವಾರಕ್ಕೆ ಎರಡು ದಿನ ಬೂತಾಯಿ, ಬಂಗುಡೆ, ಸಾರು ಮಾಡಿ, ಹುರಿಯಬೇಡಿ. ಕರಗುವ ನಾರಿಗೆ ಓಟ್ಸೇ ಬೇಕೆಂದಿಲ್ಲ, ಹುರುಳಿ, ಅವರೆ, ಬೆಂಡೆ, ಮೆಂತ್ಯ ಸಾಕು. ನಾರ್ವೆಯಲ್ಲಿ ಸಾಮಾನ್ಯ ಗರ್ಭಿಣಿಯರಿಗೆ ಕೊಲೆಸ್ಟ್ರಾಲ್ ಇಳಿಸುವ ಊಟ ಕೊಟ್ಟು ನೋಡಿದ 2005ರ ಪ್ರಯೋಗದಲ್ಲಿ ತಾಯಿಯ ಎಲ್‌ಡಿಎಲ್ ಇಳಿಯಿತು, ಮಗುವಿನ ಬಳ್ಳಿರಕ್ತದ ಲಿಪಿಡ್ ಬದಲಾಗಲಿಲ್ಲ, ಅವಧಿಪೂರ್ವ ಹೆರಿಗೆಗಳೂ ಕಡಿಮೆ ಇದ್ದವು. ಎಫ್‌ಎಚ್ ಇರುವವರಿಗೆ ಇದು ಹಾಗೇ ಅನ್ವಯಿಸುತ್ತದೆ ಅನ್ನಲಾರೆ, ಆದರೆ ಮಗುವಿಗೆ ಕೊರತೆಯಾಗುತ್ತದೆ ಅನ್ನುವ ಅತ್ತೆಯಂದಿರ ಆತಂಕಕ್ಕೆ ಇದು ಉತ್ತರ.

ಗಾಜುಪಟ್ಟಿ

ಹೆರಿಗೆ ಕೋಣೆಯಲ್ಲಿರುವವರಿಗೆ ಒಂದು ವಿನಂತಿ. ಎಫ್‌ಎಚ್ ಇದ್ದು ಮಗುವಿನ ತೂಕ ಕಡಿಮೆ ಬಂದರೆ, ಅವಧಿಪೂರ್ವ ಹೆರಿಗೆಯಾದರೆ, ಬಿಪಿ ಏರಿದ್ದರೆ ಮಾಸನ್ನು ಎಸೆಯಬೇಡಿ, ಪೆಥಾಲಜಿಗೆ ಕಳಿಸಿ. ಚೀಟಿಯಲ್ಲಿ ಬರೀ "ಮಾಸು" ಅಂತ ಬರೆದರೆ ನಮಗೆ ಏನೂ ತಿಳಿಯುವುದಿಲ್ಲ. ಗರ್ಭದ ವಾರ, ಮಗುವಿನ ತೂಕ, ಡಾಪ್ಲರ್ ಫಲಿತಾಂಶ, ಕೊನೆಯ ಎಲ್‌ಡಿಎಲ್, ತೆಗೆದುಕೊಂಡ ಔಷಧಿ ಇಷ್ಟು ಬರೆಯಿರಿ.

ಬಳ್ಳಿ ಮತ್ತು ಪೊರೆ ಕತ್ತರಿಸಿ ತೆಗೆದ ಮೇಲೆ ತೂಗಬೇಕು, ತುಂಬು ತಿಂಗಳಲ್ಲಿ ಸುಮಾರು 500 ಗ್ರಾಂ. ಆಮ್‌ಸ್ಟರ್‌ಡ್ಯಾಮ್ ಒಮ್ಮತದ ಪ್ರಕಾರ ಕನಿಷ್ಠ ನಾಲ್ಕು ಬ್ಲಾಕ್: ಸುರುಳಿ ಸುತ್ತಿದ ಪೊರೆ ಮತ್ತು ಬಳ್ಳಿಯ ಎರಡು ಅಡ್ಡಕೊಯ್ತ ಒಂದರಲ್ಲಿ, ಪೂರ್ತಿ ದಪ್ಪದ ಮಾಸಿನ ತುಂಡುಗಳು ಉಳಿದ ಮೂರರಲ್ಲಿ. ಹುಡುಕುವುದು ಇನ್‌ಫಾರ್ಕ್ಟ್ (ರಕ್ತ ಸಿಗದೆ ಸತ್ತ ಭಾಗ), ಬೇಗ ಮಾಗಿದ ಸಣ್ಣ ಕವಲುಗಳು, ಹೆಚ್ಚಾದ ಸಿನ್‌ಸಿಶಿಯಲ್ ಗಂಟುಗಳು (ಕವಲಿನ ಹೊದಿಕೆಯಲ್ಲಿ ಕೋಶಕೇಂದ್ರಗಳು ಗುಂಪಾಗಿರುವುದು), ಪೊರೆಯ ಸುರುಳಿಯಲ್ಲಿ ಸಿಗುವ ತಾಯಿಯ ರಕ್ತನಾಳಗಳು. ತುಂಬು ತಿಂಗಳ ಮಾಸಿನ ಅಂಚಿನಲ್ಲಿ ಒಂದು ಸಣ್ಣ ಇನ್‌ಫಾರ್ಕ್ಟ್ ಕಂಡರೆ ಅದಕ್ಕೆ ಕೊಲೆಸ್ಟ್ರಾಲನ್ನು ದೂರಬೇಡಿ, ಸಹಜ ಮಾಸಿನಲ್ಲೂ ಇರುತ್ತದೆ.

ಕೊಬ್ಬನ್ನೇ ನೋಡಬೇಕು, ಆಯಿಲ್ ರೆಡ್ ಓ ಬಣ್ಣ ಹಾಕಬೇಕು ಅನ್ನುವವರು ಮೊದಲೇ ಫೋನ್ ಮಾಡಿ. ಮಾಮೂಲಿ ಪ್ಯಾರಾಫಿನ್ ಬ್ಲಾಕ್ ಮಾಡುವಾಗ ಆಲ್ಕೋಹಾಲ್, ಜೈಲೀನ್ ಕೊಬ್ಬನ್ನೆಲ್ಲ ತೊಳೆದುಬಿಡುತ್ತವೆ, ಕೊಬ್ಬು ಇದ್ದ ಜಾಗದಲ್ಲಿ ಖಾಲಿ ಗುಳ್ಳೆ ಉಳಿಯುತ್ತದೆ. ಅದಕ್ಕೆ ಫ್ರೋಜನ್ ಕೊಯ್ತವೇ ಬೇಕು.

ಪ್ರಶ್ನೆಪೆಟ್ಟಿಗೆ

ಸುರುಳಿ ಅಪಧಮನಿಯ "ಅಕ್ಯೂಟ್ ಅಥೆರೋಸಿಸ್" ಅಂತ ವರದಿ ಬಂದರೆ ಅದು ಎಫ್‌ಎಚ್‌ನ ಗುರುತೇ?

ಗಾಜುಪಟ್ಟಿ

ಅಲ್ಲ. ಹೆಸರು ಅಥೆರೋಸ್ಕ್ಲೆರೋಸಿಸ್‌ಗೆ ಹತ್ತಿರ, ನಾಳದ ಗೋಡೆಯಲ್ಲಿ ಕೊಬ್ಬು ತುಂಬಿದ ಕೋಶಗಳೂ ಕಾಣುತ್ತವೆ. ಆದರೆ ಅದು ಹೃದಯದ ನಾಳದಲ್ಲಿ ಆಗುವಂತೆ ದಶಕಗಳಲ್ಲಿ ಬೆಳೆದದ್ದಲ್ಲ, ಕೆಲವು ವಾರಗಳಲ್ಲಿ ಆದದ್ದು, ಕೊಲೆಸ್ಟ್ರಾಲ್ ಸಹಜವಾಗಿರುವ ಪ್ರೀಎಕ್ಲಾಂಪ್ಸಿಯಾ ತಾಯಂದಿರಲ್ಲೇ ಹೆಚ್ಚು ಕಾಣುವುದು. ಲೂಪಸ್ ಎಂಬ ಸ್ವರೋಗನಿರೋಧಕ ಕಾಯಿಲೆಯಲ್ಲೂ ಕಾಣುತ್ತದೆ. ಮೇಲೆ ಹೇಳಿದ "ಮಾಸಿನಲ್ಲಿ ಕೊಬ್ಬು ಕಟ್ಟುತ್ತದೆ" ಅನ್ನುವ ಮಾತು ಈ ಗೊಂದಲದಿಂದಲೇ ಹುಟ್ಟಿರಬಹುದು.

ಪ್ರಶ್ನೆಪೆಟ್ಟಿಗೆ

ಕೊನೆಯದಾಗಿ ಮಗು. ಗರ್ಭದಲ್ಲಿದ್ದಾಗಲೇ ಮಗುವಿನ ನಾಳಗಳಲ್ಲಿ ಗೆರೆ ಮೂಡುತ್ತದೆ ಅನ್ನುವುದು ನಿಜವೇ? ಹುಟ್ಟಿದ ಕೂಡಲೇ ಬಳ್ಳಿರಕ್ತ ಪರೀಕ್ಷಿಸಬಹುದೇ?

ಲಿಪಿಡ್‌ಲೆಕ್ಕ

ಇಟಲಿಯ ನಪೋಲಿ ಮತ್ತು ಸಂಗಡಿಗರು 1997ರಲ್ಲಿ, ಗರ್ಭಪಾತವಾದ ಭ್ರೂಣಗಳ, ಅವಧಿಗೆ ಮೊದಲೇ ಹುಟ್ಟಿ ಬೇಗ ತೀರಿಕೊಂಡ ಶಿಶುಗಳ ಮಹಾಪಧಮನಿ ಪರೀಕ್ಷಿಸಿ, ತಾಯಿಗೆ ಕೊಲೆಸ್ಟ್ರಾಲ್ ಜಾಸ್ತಿ ಇದ್ದಲ್ಲಿ ಕೊಬ್ಬಿನ ಗೆರೆಗಳು ಹೆಚ್ಚಿದ್ದುದನ್ನು ತೋರಿಸಿದರು. 1999ರ ಫೆಲಿಕ್ ಅಧ್ಯಯನ ಮಕ್ಕಳಲ್ಲೂ ಆ ಗೆರೆಗಳು ಬೇಗ ಮುಂದುವರಿಯುವುದನ್ನು ಕಂಡಿತು. ಇದು ಗಂಭೀರ ಕೆಲಸ, ತಳ್ಳಿಹಾಕಲಾಗದು. ಆದರೆ ಎಫ್‌ಎಚ್ ತಾಯಿಯಿಂದ ಬಂದರೆ ತಂದೆಯಿಂದ ಬಂದದ್ದಕ್ಕಿಂತ ಕೆಟ್ಟದೇ ಅನ್ನುವ ಪ್ರಶ್ನೆಗೆ ಉತ್ತರ ಹರಿದುಹಂಚಿಹೋಗಿದೆ. ನೆದರ್ಲೆಂಡ್ಸ್‌ನಲ್ಲಿ ವಯಸ್ಕರನ್ನು ನೋಡಿದಾಗ ತಾಯಿಯಿಂದ ಪಡೆದವರ ಲಿಪಿಡ್ ತುಸು ಕೆಟ್ಟಿತ್ತು, ನಾರ್ವೆಯ ಮಕ್ಕಳಲ್ಲಿ ಆ ವ್ಯತ್ಯಾಸ ಸಿಗಲಿಲ್ಲ. ತಾಯಿಯ ತಲೆಯ ಮೇಲೆ ಅಪರಾಧದ ಹೊರೆ ಹೊರಿಸುವಷ್ಟು ಪುರಾವೆ ಇಲ್ಲಿಲ್ಲ.

ಬಳ್ಳಿರಕ್ತದ ಎಲ್‌ಡಿಎಲ್‌ನಿಂದ ಹೆಟೆರೋಜೈಗಸ್ ಎಫ್‌ಎಚ್ ತೀರ್ಮಾನಿಸಬೇಡಿ, ಇರುವ ಮತ್ತು ಇಲ್ಲದ ಶಿಶುಗಳ ಅಂಕಿಗಳು ಒಂದರ ಮೇಲೊಂದು ಬೀಳುತ್ತವೆ. ತಾಯಿಯ ನಿರ್ದಿಷ್ಟ ಜೀನ್ ದೋಷ ಗೊತ್ತಿದ್ದರೆ ಅದೇ ರಕ್ತದಿಂದ ಡಿಎನ್‌ಎ ನೋಡಬಹುದು, ಮಾದರಿಯಲ್ಲಿ ತಾಯಿಯ ರಕ್ತ ಬೆರೆಯದಂತೆ ಎಚ್ಚರ ವಹಿಸಬೇಕು. ಗೊತ್ತಿಲ್ಲದಿದ್ದರೆ ಮಗುವಿಗೆ ಎರಡು ವರ್ಷ ತುಂಬಿದ ಮೇಲೆ ಲಿಪಿಡ್ ಪರೀಕ್ಷೆ. ತಂದೆತಾಯಿ ಇಬ್ಬರಿಗೂ ಎಫ್‌ಎಚ್ ಇದ್ದರೆ ಕಾಯಬೇಡಿ, ಹುಟ್ಟಿದಾಗಿನಿಂದಲೇ ಮಕ್ಕಳ ತಜ್ಞರ ನಿಗಾ ಬೇಕು.

ತಟ್ಟೆತೂಕ

ಬಾಣಂತನದ ಊಟವನ್ನೂ ಹೆರಿಗೆಗೆ ಮೊದಲೇ ಮನೆಯವರೊಂದಿಗೆ ಕೂತು ಮಾತಾಡಿ. ಅಂಟಿನುಂಡೆಯಲ್ಲಿ ಕೊಬ್ಬರಿ, ತುಪ್ಪ ಎರಡೂ ಇವೆ, ದಿನಕ್ಕೆ ಎರಡು ಮೂರು ತಿನ್ನಿಸುವ ಮನೆಗಳಿವೆ. ಕೊಬ್ಬರಿಯನ್ನು ಕಾಲು ಭಾಗಕ್ಕೆ ಇಳಿಸಿ ಬಾದಾಮಿ, ಗೋಡಂಬಿ, ಕರ್ಜೂರ ಹೆಚ್ಚಿಸಿ, ಸಣ್ಣ ನಿಂಬೆ ಗಾತ್ರದ ಉಂಡೆ ಕಟ್ಟಿ, ದಿನಕ್ಕೆ ಒಂದು.

ಎದೆಬಡಿತ

ಹಾಲೂಡಿಸುವಾಗ ಸ್ಟ್ಯಾಟಿನ್ ಬೇಡ ಅನ್ನುವುದೇ ಈಗಿನ ಸಲಹೆ. ಹೆಟೆರೋಜೈಗಸ್ ಇದ್ದು ಹೃದ್ರೋಗ ಇಲ್ಲದವರು ಮೊದಲ ಆರು ತಿಂಗಳು ಧೈರ್ಯವಾಗಿ ಹಾಲೂಡಿಸಿ, ಬೇಕಿದ್ದರೆ ಕೊಲೆಸೆವೆಲಾಮ್ ಮುಂದುವರಿಸಬಹುದು. ಹೋಮೋಜೈಗಸ್ ಇರುವವರು ಅಥವಾ ಸ್ಟೆಂಟ್ ಹಾಕಿಸಿಕೊಂಡವರು ಎಷ್ಟು ವಾರ ಹಾಲೂಡಿಸಬೇಕು, ಔಷಧಿ ಯಾವ ದಿನ ಮತ್ತೆ ಶುರು ಎಂಬುದನ್ನು 36ನೇ ವಾರದ ಭೇಟಿಯಲ್ಲೇ ಹೃದ್ರೋಗ ತಜ್ಞರು, ಪ್ರಸೂತಿ ತಜ್ಞರು ಇಬ್ಬರ ಸಹಿಯೊಂದಿಗೆ ತಾಯಿ ಕಾರ್ಡಿನ ಮೇಲೆ ಬರೆಯಿಸಿಕೊಳ್ಳಿ. ಎರಡನೇ ಮಗುವಿನ ಯೋಚನೆ ಇದ್ದರೆ ನಡುವೆ ಔಷಧಿಗೆ ಎಷ್ಟು ತಿಂಗಳು ಬಿಡಬೇಕು ಅನ್ನುವುದನ್ನೂ ಅದೇ ಭೇಟಿಯಲ್ಲಿ ಕೇಳಿ.